ಮೊಬೈಲು ಮಾತು ಕಲಿಸುತ್ತದೆಯೇ?

ಮಕ್ಕಳೇ, ನಿಮ್ಮಲ್ಲಿ ಎಷ್ಟು ಜನ ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಮಾತನಾಡುತ್ತೀರಿ? ಕೈ ಎತ್ತಿ ನೋಡೋಣ. ಕರಾವಳಿಯ ಶಾಲೆಯಾದರೆ ತುಳು, ಕೊಂಕಣಿ, ಬ್ಯಾರಿ ಮಾತಿನ ಮನೆಗಳಿಂದ ಬಂದವರು ಕೈ ಎತ್ತುತ್ತೀರಿ. ವಿಜಯಪುರ, ಕಲಬುರಗಿ ಕಡೆಯ ತಾಂಡಾಗಳಲ್ಲಿ ಲಂಬಾಣಿ, ಕೊಡಗಿನಲ್ಲಿ ಕೊಡವ, ಬೆಳಗಾವಿಯಲ್ಲಿ ಮರಾಠಿ, ಕೋಲಾರದಲ್ಲಿ ತೆಲುಗು, ಇನ್ನು ಉರ್ದು ಮಾತನಾಡುವ ಮನೆಗಳಂತೂ ಎಲ್ಲ ಜಿಲ್ಲೆಗಳಲ್ಲೂ ಇವೆ. ಊಟ ಮಾಡಿದಷ್ಟೇ ಸಲೀಸಾಗಿ ನೀವು ಎರಡೆರಡು ಭಾಷೆ ಆಡುತ್ತೀರಿ. ಮನೆಯ ಭಾಷೆಯನ್ನು ಯಾವಾಗ ಕಲಿತಿರಿ ಎಂದು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತೀರಿ. ನೆನಪಿಲ್ಲ, ಅಲ್ಲವೆ? ನನಗೂ ನೆನಪಿಲ್ಲ.

ಆದರೆ ನಿಮ್ಮ ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇದ್ದರೆ, ಆ ಕಲಿಕೆ ಈಗ ನಿಮ್ಮ ಕಣ್ಣೆದುರಿಗೇ ನಡೆಯುತ್ತಿದೆ. ಒಂದೇ ವ್ಯತ್ಯಾಸವೆಂದರೆ, ನಾನು ಮಗುವಾಗಿದ್ದಾಗ ಇಲ್ಲದ ವಸ್ತುವೊಂದು ಈಗ ಆ ಮಗುವಿನ ಕೈಯಲ್ಲಿದೆ.

ಹೋದ ಮಳೆಗಾಲದಲ್ಲಿ ಕಾರ್ಕಳದ ಹತ್ತಿರ ನಮ್ಮ ಸಂಬಂಧಿಕರೊಬ್ಬರ ಮನೆಗೆ ಹೋಗಿದ್ದೆ. ತುಳು ಮಾತಿನ ಮನೆ. ಅಪ್ಪ ಮುಂಬೈಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಾರೆ. ಮನೆಯಲ್ಲಿರುವುದು ಅಜ್ಜಿ, ತಾಯಿ, ಆರನೇ ತರಗತಿ ಓದುವ ಹುಡುಗ ಮತ್ತು ಅವನ ತಂಗಿ ಪುಟ್ಟಿ. ಪುಟ್ಟಿಗೆ ಎರಡೂವರೆ ವರ್ಷ. ಮಳೆಯಲ್ಲಿ ನೆನೆದ ಕಾಗೆಯೊಂದು ಬಂದು ಜಗಲಿಯ ಕಟ್ಟೆಯ ಮೇಲೆ ಕೂತಿತು. ಅಜ್ಜಿ ಅದನ್ನು ತೋರಿಸಿ, “ಉಂದು ದಾದ?” ಎಂದು ಕೇಳಿದರು. ತುಳುವಿನಲ್ಲಿ ಹಾಗೆಂದರೆ ‘ಇದು ಏನು?’ ಎಂದು ಅರ್ಥ. ಪುಟ್ಟಿ ತಲೆ ಎತ್ತಲಿಲ್ಲ. ಅವಳ ಮಡಿಲಲ್ಲಿದ್ದ ಮೊಬೈಲಿನಲ್ಲಿ ಯಾರೋ “ಹಾಯ್ ಗೈಸ್” ಎಂದರು. ಪುಟ್ಟಿಯೂ “ಹಾಯ್ ಗೈಸ್” ಎಂದಳು. ಹೆಬ್ಬೆರಳಿನಿಂದ ಪರದೆಯನ್ನು ಮೇಲಕ್ಕೆ ತಳ್ಳಿದಳು. ಒಂದು ಹಿಂದಿ ಹಾಡು ಬಂತು. ಮತ್ತೆ ತಳ್ಳಿದಳು. ಇಂಗ್ಲಿಷಿನಲ್ಲಿ ಬಣ್ಣಗಳ ಹೆಸರು ಬಂತು. ಅಷ್ಟರಲ್ಲಿ ಕಾಗೆ ಹಾರಿಹೋಯಿತು.

“ನೋಡಿ, ಇಂಗ್ಲಿಷು, ಹಿಂದಿ ಎಲ್ಲ ಮೊಬೈಲಿನಿಂದಲೇ ಕಲಿಯುತ್ತಾಳೆ” ಎಂದು ತಾಯಿ ಹೆಮ್ಮೆಯಿಂದ ಹೇಳಿದರು. ಅಜ್ಜಿ ಏನೂ ಹೇಳಲಿಲ್ಲ. ಆ ಮಧ್ಯಾಹ್ನವಿಡೀ ಪುಟ್ಟಿ ಅಜ್ಜಿಯೊಡನೆ ಆಡಿದ್ದು ಎರಡೋ ಮೂರೋ ಪದ.

ನಿಜವಾಗಿ ಮಗು ಮೊಬೈಲಿನಿಂದ ಮಾತು ಕಲಿಯುತ್ತದೆಯೇ? ಇದು ಜಗಳವಾಡಿ ತೀರ್ಮಾನಿಸುವ ವಿಷಯವಲ್ಲ. ಪ್ರಯೋಗ ಮಾಡಿ ನೋಡಬಹುದಾದ ಪ್ರಶ್ನೆ. ವಿಜ್ಞಾನಿಗಳು ಮಾಡಿ ನೋಡಿದ್ದಾರೆ. ಆ ಪ್ರಯೋಗಗಳನ್ನು ತಿಳಿಯುವ ಮೊದಲು ಮಗುವಿನ ಕಿವಿಯ ಬಗ್ಗೆ ಒಂದು ಮಾತು.

‘ತಟ್ಟೆ’ ಎಂಬ ಪದವನ್ನು ನಿಧಾನವಾಗಿ ಹೇಳಿ. ನಾಲಿಗೆ ಎಲ್ಲಿಗೆ ಹೋಗುತ್ತದೆ ಎಂದು ಗಮನಿಸಿ. ‘ತ’ ಎನ್ನುವಾಗ ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂಬದಿಯನ್ನು ಮುಟ್ಟುತ್ತದೆ. ‘ಟ’ ಎನ್ನುವಾಗ ಅದೇ ತುದಿ ಹಿಂದಕ್ಕೆ ಮಡಚಿ ಅಂಗುಳವನ್ನು ಮುಟ್ಟುತ್ತದೆ. ನಮಗೆ ಇವೆರಡೂ ಬೇರೆ ಬೇರೆ ಎಂಬುದು ಎಷ್ಟು ಸ್ಪಷ್ಟ! ಆದರೆ ಇಂಗ್ಲಿಷನ್ನು ಮಾತ್ರ ಬಲ್ಲ ದೊಡ್ಡವರಿಗೆ ಎರಡೂ ಒಂದೇ ಧ್ವನಿಯಂತೆ ಕೇಳಿಸುತ್ತವೆ. ನಗಬೇಡಿ. ತಮಿಳು, ಮಲಯಾಳ ಭಾಷೆಗಳ ‘ೞ’ ಧ್ವನಿ ನಮ್ಮಲ್ಲಿ ಬಹಳ ಜನರಿಗೆ ‘ಳ’ದಂತೆಯೇ ಕೇಳಿಸುತ್ತದೆ. ಹಳಗನ್ನಡದಲ್ಲಿ ಆ ಧ್ವನಿ ಇತ್ತು. ಬಳಕೆ ತಪ್ಪಿತು, ಕಿವಿಯೂ ಅದನ್ನು ಮರೆಯಿತು.

ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿಜ್ಞಾನಿಗಳು ಇಂಗ್ಲಿಷ್ ಮನೆಗಳ ಹಸುಗೂಸುಗಳಿಗೆ ಹಿಂದಿಯ ‘ತ’ ಮತ್ತು ‘ಟ’ಗಳನ್ನು ಕೇಳಿಸಿದರು. ಮಾತು ಬಾರದ ಕೂಸನ್ನು ‘ನಿನಗೆ ವ್ಯತ್ಯಾಸ ಗೊತ್ತಾಯಿತೇ?’ ಎಂದು ಕೇಳುವುದು ಹೇಗೆ? ಅದಕ್ಕೊಂದು ಜಾಣ ಉಪಾಯವಿದೆ. ಮಗುವನ್ನು ತಾಯಿಯ ತೊಡೆಯ ಮೇಲೆ ಕೂರಿಸುತ್ತಾರೆ. ಧ್ವನಿವರ್ಧಕದಿಂದ ‘ತ, ತ, ತ, ತ’ ಎಂದು ಒಂದೇ ಸಮನೆ ಧ್ವನಿ ಬರುತ್ತಿರುತ್ತದೆ. ಅದು ಬದಲಾದ ಕೂಡಲೇ ಪಕ್ಕದಲ್ಲಿ ಒಂದು ಗೊಂಬೆಗೆ ದೀಪ ಹತ್ತಿ ಅದು ಕುಣಿಯುತ್ತದೆ. ಮಗು ಬೇಗ ಕಲಿಯುತ್ತದೆ: ಧ್ವನಿ ಬದಲಾದರೆ ಗೊಂಬೆ ಕುಣಿಯುತ್ತದೆ! ಆಮೇಲೆ ಧ್ವನಿ ಬದಲಾದದ್ದು ತಿಳಿದಾಗಲೆಲ್ಲ ಗೊಂಬೆಯತ್ತ ಕತ್ತು ತಿರುಗಿಸುತ್ತದೆ. ವ್ಯತ್ಯಾಸ ತಿಳಿಯದಿದ್ದರೆ ಸುಮ್ಮನಿರುತ್ತದೆ. 1984ರಲ್ಲಿ ಪ್ರಕಟವಾದ ಫಲಿತಾಂಶ ಬೆರಗು ಹುಟ್ಟಿಸುವಂತಿತ್ತು. 6ರಿಂದ 8 ತಿಂಗಳ ಕೂಸುಗಳು ‘ತ’ ಮತ್ತು ‘ಟ’ಗಳನ್ನು ಗುರುತಿಸಿದವು. ತಮ್ಮ ಅಪ್ಪ ಅಮ್ಮನಿಗೆ ಕೇಳಿಸದ ವ್ಯತ್ಯಾಸ ಅವಕ್ಕೆ ಕೇಳಿಸಿತು! ಆದರೆ 10ರಿಂದ 12 ತಿಂಗಳ ಹೊತ್ತಿಗೆ ಆ ಶಕ್ತಿ ಬಹುಪಾಲು ಮಾಯವಾಗಿತ್ತು.

ಹುಟ್ಟಿದ ಮಗುವಿನ ಕಿವಿ ಜಗತ್ತಿನ ಎಲ್ಲ ಭಾಷೆಗಳಿಗೂ ತೆರೆದಿರುತ್ತದೆ ಎನ್ನಬಹುದು. ಮೊದಲ ವರ್ಷ ಮುಗಿಯುವಷ್ಟರಲ್ಲಿ ಅದು ತನ್ನ ಮನೆಯವರ ಧ್ವನಿಗಳನ್ನು ಆರಿಸಿಕೊಂಡು, ಬೇಡದ್ದನ್ನು ಬಿಡಲು ತೊಡಗುತ್ತದೆ. ಎರಡು ಭಾಷೆಯ ಮನೆಯಾದರೆ ಎರಡರ ಧ್ವನಿಗಳನ್ನೂ ಉಳಿಸಿಕೊಳ್ಳುತ್ತದೆ. “ಎರಡು ಭಾಷೆ ಮಾತನಾಡಿದರೆ ಮಗುವಿಗೆ ಗೊಂದಲವಾಗುತ್ತದೆ, ಮನೆಮಾತು ಬಿಡಿ” ಎಂದು ಹೇಳುವವರನ್ನು ನೀವು ಕೇಳಿರಬಹುದು. ಅದು ಸರಿಯಲ್ಲ. ತಾಯಿ ಎರಡು ಭಾಷೆ ಆಡುತ್ತಿದ್ದರೆ, ಹುಟ್ಟಿ ಕೆಲವೇ ದಿನಗಳಾದ ಕೂಸು ಕೂಡ ಆ ಎರಡು ಭಾಷೆಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದು ಎಂದು 2010ರಲ್ಲಿ ವರ್ಕರ್ ಮತ್ತು ಅವರ ಸಂಗಡಿಗರು ತೋರಿಸಿದ್ದಾರೆ. ಮಗು ‘ಪುಚ್ಚೆ ಹಾಲು ಕುಡಿಯಿತು’ ಎಂದು ತುಳು ಕನ್ನಡ ಬೆರೆಸಿ ಹೇಳಿದರೆ ಅದು ತಪ್ಪೂ ಅಲ್ಲ, ರೋಗವೂ ಅಲ್ಲ. ಒಂದು ಭಾಷೆಯಲ್ಲಿ ಪದ ಸಿಗದಿದ್ದಾಗ ಇನ್ನೊಂದರಿಂದ ಎರವಲು ತರುತ್ತದೆ, ಅಷ್ಟೇ. ಪುಚ್ಚೆ ಎಂದರೆ ಬೆಕ್ಕು.

ಈಗ ಮೊಬೈಲಿನ ವಿಷಯಕ್ಕೆ ಬರೋಣ. ಕಿವಿ ಅಷ್ಟು ಚುರುಕಾಗಿದ್ದರೆ, ಮೊಬೈಲಿನಿಂದ ಕೇಳಿದರೂ ಸಾಕಲ್ಲವೇ? ಧ್ವನಿ ಎಲ್ಲಿಂದ ಬಂದರೇನು?

ಅಮೆರಿಕದ ಸಿಯಾಟಲ್ ನಗರದಲ್ಲಿ ಪೆಟ್ರಿಷಿಯಾ ಕೂಲ್ ಎಂಬ ವಿಜ್ಞಾನಿ ಇದನ್ನೇ ಪರೀಕ್ಷಿಸಿದರು. ಆಗ ಇನ್ನೂ ಇಂದಿನಂಥ ಮೊಬೈಲು ಇರಲಿಲ್ಲ. ಅವರು ಬಳಸಿದ್ದು ಟಿ.ವಿ. ಪರದೆಯನ್ನು. ಇಂಗ್ಲಿಷ್ ಮಾತ್ರ ಕೇಳಿದ್ದ 9 ತಿಂಗಳ ಮಕ್ಕಳನ್ನು ಆರಿಸಿಕೊಂಡರು. ಚೀನಾದ ಮ್ಯಾಂಡರಿನ್ ಭಾಷೆಯವರು ಬಂದು ಕೆಲವು ಮಕ್ಕಳ ಎದುರು ನೆಲದ ಮೇಲೆ ಕೂತು, ಪುಸ್ತಕ ತೋರಿಸಿ, ಆಟಿಕೆ ಹಿಡಿದು ಮ್ಯಾಂಡರಿನ್‌ನಲ್ಲೇ ಮಾತನಾಡಿದರು. ಒಂದು ಬಾರಿಗೆ 25 ನಿಮಿಷ, ನಾಲ್ಕು ವಾರಗಳಲ್ಲಿ 12 ಬಾರಿ. ಒಟ್ಟು ಕೂಡಿಸಿ ನೋಡಿ, 5 ಗಂಟೆ ಮಾತ್ರ! ಆಮೇಲೆ ಆ ಭಾಷೆಯಲ್ಲಿರುವ, ಇಂಗ್ಲಿಷಿನಲ್ಲಿ ಇಲ್ಲದ ಒಂದು ಧ್ವನಿಜೋಡಿಯನ್ನು ಕೇಳಿಸಿ, ಕತ್ತು ತಿರುಗಿಸುವ ಪರೀಕ್ಷೆ ಮಾಡಿದರು. ಈ ಮಕ್ಕಳು ತೈವಾನ್‌ನಲ್ಲಿ ಹುಟ್ಟಿದಾಗಿನಿಂದ ಮ್ಯಾಂಡರಿನ್ ಕೇಳುತ್ತಿದ್ದ ಮಕ್ಕಳಷ್ಟೇ ಚೆನ್ನಾಗಿ ಗುರುತಿಸಿದರು.

ಇನ್ನೊಂದು ಗುಂಪಿನ ಮಕ್ಕಳಿಗೆ ಅದೇ ಜನ, ಅದೇ ಪುಸ್ತಕ, ಅದೇ ಆಟಿಕೆ, ಅಷ್ಟೇ ಹೊತ್ತು. ಆದರೆ ಟಿ.ವಿ. ಪರದೆಯ ಮೇಲೆ. ಮತ್ತೊಂದು ಗುಂಪಿಗೆ ಧ್ವನಿ ಮಾತ್ರ. ಫಲಿತಾಂಶ ಏನಿರಬಹುದು, ಊಹಿಸಿ. ಅರ್ಧದಷ್ಟಾದರೂ ಕಲಿತಿರಬಹುದು ಎನ್ನುವಿರಾ? ಇಲ್ಲ. ಅವರು ಮ್ಯಾಂಡರಿನ್ನನ್ನು ಕೇಳದೇ ಇದ್ದ ಮಕ್ಕಳ ಹಾಗೆಯೇ ಇದ್ದರು. 5 ಗಂಟೆಗಳ ಫಲ ಸೊನ್ನೆ! 2003ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಓದಿದಾಗ ನಾನೂ ನಂಬಲು ಹಿಂಜರಿದೆ. ಧ್ವನಿ ಅದೇ, ಕಿವಿಯೂ ಅಂಥದ್ದೇ, ಕಲಿಕೆ ಮಾತ್ರ ಇಲ್ಲ.

ಪದಗಳ ಕಥೆಯೂ ಹೆಚ್ಚು ಬೇರೆಯಲ್ಲ. ಅಮೆರಿಕದಲ್ಲಿ 12ರಿಂದ 18 ತಿಂಗಳ ಮಕ್ಕಳಿಗೆ, ಪದ ಕಲಿಸುತ್ತದೆಂದು ಮಾರಾಟವಾಗುತ್ತಿದ್ದ ವಿಡಿಯೋ ಒಂದನ್ನು ನಾಲ್ಕು ವಾರ ಮನೆಯಲ್ಲಿ ತೋರಿಸಿ ನೋಡಿದರು. ವಿಡಿಯೋ ನೋಡಿದ ಮಕ್ಕಳು, ನೋಡದ ಮಕ್ಕಳಿಗಿಂತ ಹೆಚ್ಚು ಪದಗಳನ್ನೇನೂ ಕಲಿತಿರಲಿಲ್ಲ. ಹೆಚ್ಚು ಕಲಿತವರು, ವಿಡಿಯೋ ಇಲ್ಲದೆ ತಂದೆತಾಯಿಯೇ ದಿನದ ಕೆಲಸಗಳ ನಡುವೆ ಆ ಪದಗಳನ್ನು ಹೇಳಿಕೊಟ್ಟ ಮಕ್ಕಳು. ಇದರಲ್ಲೊಂದು ತಮಾಷೆಯಿದೆ. ಆ ವಿಡಿಯೋ ಯಾವ ತಂದೆತಾಯಿಗೆ ಇಷ್ಟವಾಗಿತ್ತೋ ಅವರಿಗೆ ತಮ್ಮ ಮಗು ಅದರಿಂದ ಬಹಳ ಕಲಿತಿದೆ ಎಂದೇ ಅನಿಸಿತ್ತು! ಪುಟ್ಟಿಯ ತಾಯಿಯ ಹೆಮ್ಮೆ ನನಗೆ ನೆನಪಾಯಿತು.

ಹಾಗಾದರೆ ಎದುರಿಗೆ ಕೂತ ಮನುಷ್ಯನಲ್ಲಿ ಇರುವುದು, ಪರದೆಯಲ್ಲಿ ಇಲ್ಲದಿರುವುದು ಏನು? ವಾಸನೆಯೇ? ಮೈ ಬಿಸಿಯೇ? 2014ರಲ್ಲಿ ಅಮೆರಿಕದಲ್ಲೇ ಪ್ರಕಟವಾದ ಇನ್ನೊಂದು ಪ್ರಯೋಗ ಇದಕ್ಕೆ ಸೊಗಸಾದ ಉತ್ತರ ಕೊಟ್ಟಿತು. ಎರಡರಿಂದ ಎರಡೂವರೆ ವರ್ಷದ ಮಕ್ಕಳಿಗೆ ಹೊಸ ಕ್ರಿಯಾಪದಗಳನ್ನು ಕಲಿಸಿದರು. ಒಂದು ಗುಂಪಿಗೆ ಎದುರು ಕೂತು, ಒಂದು ಗುಂಪಿಗೆ ವಿಡಿಯೋ ಕರೆಯಲ್ಲಿ, ಇನ್ನೊಂದು ಗುಂಪಿಗೆ ಮೊದಲೇ ಮುದ್ರಿಸಿದ ವಿಡಿಯೋದಲ್ಲಿ. ಮುದ್ರಿಸಿದ ವಿಡಿಯೋ ನೋಡಿದವರು ಕಲಿಯಲಿಲ್ಲ. ಎದುರು ಕೂತವರು ಕಲಿತರು. ವಿಡಿಯೋ ಕರೆಯವರು? ಅವರೂ ಕಲಿತರು!

ಅಂದರೆ ತಪ್ಪು ಪರದೆಯದಲ್ಲ. ಗಾಜು, ಬೆಳಕು, ಸ್ಪೀಕರು ಎರಡೂ ಕಡೆ ಒಂದೇ. ವಿಡಿಯೋ ಕರೆಯಲ್ಲಿ ಆಚೆ ಇರುವವರು ಮಗುವಿನ ಮುಖ ನೋಡುತ್ತಾರೆ. ಪ್ರಶ್ನೆ ಕೇಳಿ ಕಾಯುತ್ತಾರೆ. ಮಗು ‘ಊಂ’ ಎಂದರೆ ‘ಹೌದಾ?’ ಎನ್ನುತ್ತಾರೆ. ಮಗು ಬೇರೆಲ್ಲೋ ನೋಡಿದರೆ ಹೆಸರು ಹಿಡಿದು ಕರೆಯುತ್ತಾರೆ. ಈ ಕಾಯುವಿಕೆ ಮತ್ತು ಮರುಮಾತೇ ಮಾತಿನ ಬೇರು ಎಂದು ನನ್ನ ಅಭಿಪ್ರಾಯ. ರೀಲ್ಸ್ ಯಾರಿಗೂ ಕಾಯುವುದಿಲ್ಲ. ಒಂದು ಮುಗಿದರೆ ಇನ್ನೊಂದು ಸಿದ್ಧವಾಗಿರುತ್ತದೆ. ಮುಂದಿನದನ್ನು ಆರಿಸುವ ಗಣಕವಿಧಾನಕ್ಕೆ ಬೇಕಾದದ್ದು, ನೋಡುವವರ ಕಣ್ಣು ಕದಲಬಾರದು ಎಂಬುದೊಂದೇ. ಮಗುವಿಗೆ ಅರ್ಥವಾಯಿತೇ ಎಂದು ಅದು ಕೇಳುವುದಿಲ್ಲ. ಮಕ್ಕಳ ಕೆಲವು ವಿಡಿಯೋಗಳು ಕೇಳುವಂತೆ ನಟಿಸುತ್ತವೆ ನಿಜ. ‘ಇದು ಯಾವ ಬಣ್ಣ?’ ಎಂದು ಕೇಳಿ, ಎರಡು ಕ್ಷಣ ಬಿಟ್ಟು, ‘ಶಭಾಷ್!’ ಎನ್ನುತ್ತವೆ. ಮಗು ‘ನೀಲಿ’ ಎಂದರೂ ಶಭಾಷ್, ‘ಹಸಿವು’ ಎಂದರೂ ಶಭಾಷ್, ನಿದ್ದೆ ಹೋಗಿದ್ದರೂ ಶಭಾಷ್!

“ತುಳುವಿನಲ್ಲೂ ಬೇಕಾದಷ್ಟು ರೀಲ್ಸ್ ಇವೆಯಲ್ಲ, ಅದನ್ನು ನೋಡಿದರೆ ತುಳು ಉಳಿಯುವುದಿಲ್ಲವೇ?” ಎಂದು ಪುಟ್ಟಿಯ ಅಣ್ಣ ನನ್ನನ್ನು ಕೇಳಿದ. ಒಳ್ಳೆಯ ಪ್ರಶ್ನೆ. ಅವನಂಥವರಿಗೆ, ಅಂದರೆ ನಿಮಗೆ, ಅದರಿಂದ ಲಾಭ ಆಗಬಹುದು. ಭಾಷೆ ಗಟ್ಟಿಯಾಗಿರುವ ದೊಡ್ಡ ಮಕ್ಕಳು ವಿಡಿಯೋದಿಂದ ಹೊಸ ಪದ ಕಲಿಯಬಲ್ಲರು. ಸಾಮಾಜಿಕ ಜಾಲತಾಣಗಳು ಬಂದ ಮೇಲೆ ಸಣ್ಣ ಭಾಷೆಗಳವರಿಗೆ ತಮ್ಮ ಮಾತು, ಹಾಡು, ಹಾಸ್ಯಗಳನ್ನು ಊರಿಂದಾಚೆ ಕಳಿಸಲು ದಾರಿಯಾಗಿದೆ ಎಂಬುದನ್ನೂ ನಾನು ಒಪ್ಪುತ್ತೇನೆ. ಆದರೆ ಎರಡು ವರ್ಷದ ಮಗುವಿಗೆ ತುಳು ರೀಲ್ಸ್ ಕೂಡ ಕಾಯದ ರೀಲ್ಸೇ.

ಇಲ್ಲೊಂದು ಲೆಕ್ಕವಿದೆ. ಮಗು ದಿನಕ್ಕೆ 12 ಗಂಟೆ ಎಚ್ಚರವಾಗಿರುತ್ತದೆ ಎಂದುಕೊಳ್ಳಿ. ಅದರಲ್ಲಿ 3 ಗಂಟೆ ಮೊಬೈಲಿಗೆ ಹೋದರೆ, ಆ 3 ಗಂಟೆ ಯಾರ ಪಾಲಿನದು? ಅಂಗನವಾಡಿಯ ಕನ್ನಡದ ಪಾಲಿನದಲ್ಲ, ಅಲ್ಲಿ ಮೊಬೈಲು ಕೊಡುವುದಿಲ್ಲ. ಊಟ ಮಾಡಿಸುವ ಹೊತ್ತು, ಮಲಗಿಸುವ ಹೊತ್ತು, ಅಜ್ಜಿಯ ಜೊತೆ ಜಗಲಿಯಲ್ಲಿ ಕೂರುವ ಹೊತ್ತು, ಹೀಗೆ ಎಲ್ಲವೂ ಮನೆಮಾತಿನ ಪಾಲಿನದೇ. ಕನ್ನಡವನ್ನು ಶಾಲೆ ಮತ್ತೆ ಕಲಿಸುತ್ತದೆ. ಇಂಗ್ಲಿಷಿಗೆ ಪುಸ್ತಕವಿದೆ, ಪರೀಕ್ಷೆಯಿದೆ. ತುಳು, ಕೊಡವ, ಲಂಬಾಣಿ, ಬ್ಯಾರಿ ಮಾತುಗಳಿಗೆ ಹೆಚ್ಚಿನ ಮಕ್ಕಳ ಪಾಲಿಗೆ ಮನೆಯೇ ಶಾಲೆ, ಅಜ್ಜಿಯೇ ಪುಸ್ತಕ. 2011ರ ಜನಗಣತಿಯಲ್ಲಿ ತುಳು ತಮ್ಮ ಮಾತೃಭಾಷೆ ಎಂದವರು 18 ಲಕ್ಷಕ್ಕೂ ಹೆಚ್ಚು. ದೊಡ್ಡ ಸಂಖ್ಯೆಯೇ. ಆದರೆ ಜನಗಣತಿಯ ಸಂಖ್ಯೆ ಪುಟ್ಟಿಯೊಡನೆ ಮಾತನಾಡುವುದಿಲ್ಲ. ಅವಳೊಡನೆ ಮಾತನಾಡುವವರು ಮೂರೇ ಜನ.

ಆ ಮೂವರ ಕೈಯಲ್ಲೂ ಮೊಬೈಲು ಇದ್ದರೆ? ಇದನ್ನೂ ನೋಡಿದ್ದಾರೆ. 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ತಾಯಂದಿರು ತಮ್ಮ ಎರಡು ವರ್ಷದ ಮಕ್ಕಳಿಗೆ ಎರಡು ಹೊಸ ಪದ ಕಲಿಸಬೇಕಿತ್ತು. ಒಂದು ಪದ ಕಲಿಸುವಾಗ ನಡುವೆ ಮೊಬೈಲು ರಿಂಗಣಿಸುವಂತೆ ಮಾಡಿದರು. ತಾಯಿ ಮಾತನಾಡಿ ಮುಗಿಸಿ ಮತ್ತೆ ಪಾಠ ಮುಂದುವರಿಸಿದರು. ಎರಡೂ ಪದಗಳನ್ನು ಮಗು ಕೇಳಿದ್ದು ಅಷ್ಟಷ್ಟೇ ಸಲ. ಆದರೂ ಫೋನು ನಡುವೆ ಬಂದ ಪದ ಮಕ್ಕಳಿಗೆ ಬರಲಿಲ್ಲ, ಇನ್ನೊಂದು ಬಂತು. ಆಗಾಗ ರೀಲ್ಸ್ ನೋಡುತ್ತಾ ‘ಹೂಂ, ಹೂಂ’ ಎನ್ನುವ ನಮ್ಮಂಥ ದೊಡ್ಡವರು ಇದನ್ನು ಓದಬೇಕು. ‘ಮೊಬೈಲು ಮುಟ್ಟಬೇಡ’ ಎಂದು ನಿಮಗೆ ಹೇಳುವಾಗ ನಮ್ಮ ಕೈಯಲ್ಲಿ ಏನಿರುತ್ತದೆ ಎಂದು ನೀವು ನೋಡಿರುತ್ತೀರಿ. ನಾನೇನೂ ಸಾಚಾ ಅಲ್ಲ. ನನ್ನ ಮೊಮ್ಮಗ ಅನ್ನ ಉಣ್ಣದೆ ಹಟ ಮಾಡಿದಾಗ ಹಾಡಿನ ವಿಡಿಯೋ ಹಚ್ಚಿಕೊಟ್ಟವನು ನಾನೇ. ಅನ್ನ ಹೊಟ್ಟೆಗೆ ಹೋಯಿತು. ‘ಬಿಸಿ’, ‘ಖಾರ’, ‘ಸಾಕು’, ‘ಇನ್ನೊಂದು ತುತ್ತು’ ಎಂಬ ಮಾತುಗಳು ಮಾತ್ರ ನಮ್ಮ ನಡುವೆ ಹುಟ್ಟಲೇ ಇಲ್ಲ.

ನಿಯಮಗಳಿಲ್ಲವೇ ಎಂದು ಕೇಳಬಹುದು. ಇವೆ. ಎರಡು ವರ್ಷ ತುಂಬದ ಮಕ್ಕಳಿಗೆ ಪರದೆ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಖಾತೆ ತೆರೆಯಲು 13 ವರ್ಷ ತುಂಬಿರಬೇಕು ಎಂಬುದು ಆ ಕಂಪನಿಯದೇ ನಿಯಮ. ಆದರೆ ಎರಡೂವರೆ ವರ್ಷದ ಪುಟ್ಟಿಗೆ ಯಾವ ಖಾತೆಯಿದೆ? ಅವಳು ನೋಡುವುದು ಅಮ್ಮನ ಖಾತೆಯಲ್ಲಿ. ನಿಯಮದ ಕಣ್ಣಿಗೆ ಮಡಿಲಲ್ಲಿ ಕೂತ ಮಗು ಕಾಣಿಸುವುದಿಲ್ಲ. ಕಾಣಿಸುವುದು ನಿಮಗೆ.

ಆದ್ದರಿಂದ ನಾನು ಪುಟ್ಟಿಯ ಅಣ್ಣನಿಗೆ ಒಂದು ಕೆಲಸ ಕೊಟ್ಟೆ. ನೀವೂ ಮಾಡಬಹುದು. ಒಂದು ಹಾಳೆಯಲ್ಲಿ ಎರಡು ಅಂಕಣ ಎಳೆಯಿರಿ. ಮಗು ಮೊಬೈಲು ನೋಡುತ್ತಿರುವಾಗ ಹತ್ತು ನಿಮಿಷ ಪಕ್ಕದಲ್ಲಿ ಕೂತು, ಅದು ಎಷ್ಟು ಸಲ ಬಾಯಿಬಿಟ್ಟು ಏನಾದರೂ ಹೇಳಿತು, ಅದಕ್ಕೆ ಎಷ್ಟು ಸಲ ಮರುಮಾತು ಸಿಕ್ಕಿತು ಎಂದು ಗೀಟು ಹಾಕಿ. ‘ಅ’, ‘ಊಂ’ಗಳೂ ಲೆಕ್ಕಕ್ಕಿವೆ. ಇನ್ನೊಂದು ದಿನ ಅದೇ ಹೊತ್ತಿಗೆ, ಮಗು ಅಜ್ಜಿಯ ಜೊತೆಗೋ ನಿಮ್ಮ ಜೊತೆಗೋ ಇರುವಾಗ ಹತ್ತು ನಿಮಿಷ ಎಣಿಸಿ. ಒಂದೇ ದಿನದ ಲೆಕ್ಕ ನಂಬಬೇಡಿ, ನಾಲ್ಕೈದು ದಿನ ಮಾಡಿ. ಮಗುವಿಗೆ ಎರಡು ಭಾಷೆ ಕೇಳುತ್ತಿದ್ದರೆ, ಯಾವ ಭಾಷೆಗೆ ಎಷ್ಟು ಗೀಟು ಎಂದೂ ಬರೆಯಿರಿ. ನಿಮ್ಮ ಹಾಳೆ ಏನು ಹೇಳುತ್ತದೆಯೋ ಅದನ್ನೇ ಮನೆಯಲ್ಲಿ ತೋರಿಸಿ. ದೊಡ್ಡವರು ನನ್ನಂಥವರ ಉಪದೇಶಕ್ಕಿಂತ ಮಕ್ಕಳು ಹಾಕಿದ ಗೀಟುಗಳನ್ನು ಹೆಚ್ಚು ನಂಬುತ್ತಾರೆ ಎಂಬುದು ನನ್ನ ಅನುಭವ.

ಸಂಜೆ ಮಳೆ ನಿಂತಿತ್ತು. ಮುಂಬೈಯಿಂದ ಅಪ್ಪನ ವಿಡಿಯೋ ಕರೆ ಬಂತು. ಮಧ್ಯಾಹ್ನದ ಅದೇ ಮೊಬೈಲು. ಹುಡುಗ ಅದನ್ನು ಗೋಡೆಗೆ ಒರಗಿಸಿಟ್ಟು, ಅಂಗಳದಿಂದ ಕೋಳಿಯೊಂದನ್ನು ಹಿಡಿದು ತಂದು ತಂಗಿಯ ಪಕ್ಕ ಕೂತ. “ಉಂದು ದಾದ?” ಎಂದು ಅಪ್ಪ ಆಚೆಯಿಂದ ಕೇಳಿದರು. ಪುಟ್ಟಿ ಕೋಳಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು. ನೆಟ್‌ವರ್ಕ್ ಸಿಗದೆ ಚಿತ್ರ ಒಂದು ಗಳಿಗೆ ನಿಂತುಬಿಟ್ಟಿತು. ಮತ್ತೆ ಬಂದಾಗ ಅಪ್ಪ ಹಾಗೆಯೇ ಹುಬ್ಬೇರಿಸಿ ಕಾಯುತ್ತಿದ್ದರು.

“ಕೋರಿ” ಎಂದಳು ಪುಟ್ಟಿ.

ಅಡುಗೆಮನೆಯಲ್ಲಿದ್ದ ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು.